ಮೇಕೆದಾಟು: ಅಣೆಕಟ್ಟೊಂದೇ ಬೆಂಗಳೂರಿನ ಬಾಯಾರಿಕೆ ತಣಿಸೀತೇ?

ಬೆಂಗಳೂರಿನ ಕುಡಿಯುವ ನೀರಿನ ಪ್ರಶ್ನೆ ಮತ್ತೊಮ್ಮೆ ಮೇಕೆದಾಟಿನ ಬಂಡೆಗಳ ಬಳಿಗೆ ಬಂದು ನಿಂತಿದೆ. ಕಾವೇರಿ ನದಿಗೆ ಅಡ್ಡಲಾಗಿ ಇಲ್ಲಿ ಜಲಾಶಯ ನಿರ್ಮಿಸುವ ಯೋಜನೆಯನ್ನು ಪ್ರಶ್ನಿಸಿ ತಮಿಳುನಾಡು ಸಲ್ಲಿಸಿದ್ದ ಅರ್ಜಿಯನ್ನು 2025ರ ನವೆಂಬರ್ 13ರಂದು ಸುಪ್ರೀಮ್ ಕೋರ್ಟ್ ಅಕಾಲಿಕವೆಂದು ಪರಿಗಣಿಸಿ ಇತ್ಯರ್ಥಗೊಳಿಸಿತು. ಕೇಂದ್ರ ಜಲ ಆಯೋಗವು ತಮಿಳುನಾಡಿನ ಆಕ್ಷೇಪಗಳನ್ನೂ ತಜ್ಞ ಸಂಸ್ಥೆಗಳ ಅಭಿಪ್ರಾಯವನ್ನೂ ಪರಿಶೀಲಿಸಿದ ಬಳಿಕವಷ್ಟೇ ತೀರ್ಮಾನ ಕೈಗೊಳ್ಳಲಿದೆ, ಆದ್ದರಿಂದ ಈ ಹಂತದಲ್ಲಿ ನ್ಯಾಯಾಲಯದ ಮಧ್ಯಪ್ರವೇಶ ಅಗತ್ಯವಿಲ್ಲ ಎಂಬುದು ಆ ಆದೇಶದ ಸಾರ. ಕರ್ನಾಟಕದಲ್ಲಿ ಇದನ್ನು ವಿಜಯವೆಂದು ಸಂಭ್ರಮಿಸಲಾಯಿತು. ಆದರೆ ನ್ಯಾಯಾಲಯವು ಯೋಜನೆಗೆ ಅನುಮತಿ ನೀಡಿಲ್ಲ. ಯೋಜನೆ ಒಳ್ಳೆಯದೆಂದೂ ಹೇಳಿಲ್ಲ. ಅದನ್ನು ಮೌಲ್ಯಮಾಪನ ಮಾಡುವ ಹೊಣೆಯನ್ನು ತಜ್ಞರಿಗೆ ಬಿಟ್ಟಿದೆ.

ಈ ಮೌಲ್ಯಮಾಪನವನ್ನು ತಜ್ಞರಿಗೆ ಮಾತ್ರ ಬಿಟ್ಟು ನಾವು ಸುಮ್ಮನಿರಬೇಕೇ? ಸಾವಿರಾರು ಕೋಟಿ ರೂಪಾಯಿ ವೆಚ್ಚವಾಗುವ, ಸಾವಿರಾರು ಹೆಕ್ಟೇರ್ ಕಾಡು ಮುಳುಗುವ, ಎರಡು ರಾಜ್ಯಗಳ ಜನರ ಸಂಬಂಧವನ್ನು ಪ್ರಭಾವಿಸುವ ಯೋಜನೆಯೊಂದರ ಬಗ್ಗೆ ಮಾತಾಡುವ ಹಕ್ಕು ನೀರು ಕುಡಿಯುವ ಪ್ರತಿಯೊಬ್ಬರಿಗೂ ಇದೆ. ರಾಜ್ಯದಲ್ಲಿ ಮೇಕೆದಾಟನ್ನು ಬೆಂಬಲಿಸುವವನು ನಾಡಪ್ರೇಮಿ, ಪ್ರಶ್ನಿಸುವವನು ನಾಡದ್ರೋಹಿ ಎಂಬ ವಾತಾವರಣ ನಿರ್ಮಾಣವಾಗಿರುವಾಗಲಂತೂ ಶಾಂತಚಿತ್ತದಿಂದ ಲೆಕ್ಕ ಹಾಕುವ ಅಗತ್ಯ ಇನ್ನಷ್ಟು ಹೆಚ್ಚಿದೆ.

ಯೋಜನೆ ಏನು?

ಕನಕಪುರ ತಾಲೂಕಿನ ಸಂಗಮದಲ್ಲಿ ಅರ್ಕಾವತಿಯು ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಸ್ವಲ್ಪ ಕೆಳಗೆ ನದಿಯು ಕಿರಿದಾದ ಕಲ್ಲಿನ ಕಂದರದಲ್ಲಿ ಹರಿಯುವ ತಾಣವೇ ಮೇಕೆದಾಟು. ಈ ಪ್ರದೇಶದಲ್ಲಿ ಸುಮಾರು 67 ಟಿಎಂಸಿ ನೀರು ಸಂಗ್ರಹಿಸಬಲ್ಲ ಸಮತೋಲನ ಜಲಾಶಯವನ್ನೂ 400 ಮೆಗಾವ್ಯಾಟ್ ವಿದ್ಯುತ್ ಉತ್ಪಾದನಾ ಘಟಕವನ್ನೂ ನಿರ್ಮಿಸುವುದು ಸರಕಾರದ ಉದ್ದೇಶ. 2017ರಲ್ಲಿ 5,912 ಕೋಟಿ ರೂಪಾಯಿ ಎಂದು ಅಂದಾಜಿಸಲಾಗಿದ್ದ ವೆಚ್ಚವು 2019ರ ಜನವರಿಯಲ್ಲಿ ವಿಸ್ತೃತ ಯೋಜನಾ ವರದಿ ಸಲ್ಲಿಕೆಯಾಗುವ ಹೊತ್ತಿಗೆ 9,000 ಕೋಟಿಗೆ ಏರಿತ್ತು. ಎರಡೇ ವರ್ಷಗಳಲ್ಲಿ ಕಾಗದದ ಮೇಲೆಯೇ ಮೂರು ಸಾವಿರ ಕೋಟಿ ಏರಿದ ಯೋಜನೆಯ ವೆಚ್ಚ, ಕಾಂಕ್ರೀಟು ಸುರಿಯುವ ಹೊತ್ತಿಗೆ ಎಲ್ಲಿಗೆ ತಲುಪೀತೆಂದು ಯಾರೂ ಊಹಿಸಬಹುದು.

ಈ ಜಲಾಶಯದ ಗಾತ್ರವನ್ನು ಅರಿಯಲು ಒಂದು ಹೋಲಿಕೆ ಸಾಕು. ಮಂಡ್ಯ, ಮೈಸೂರು ಜಿಲ್ಲೆಗಳ ಕೃಷಿಯನ್ನು ದಶಕಗಳಿಂದ ಸಲಹಿದ ಕೃಷ್ಣರಾಜ ಸಾಗರದ ಸಂಗ್ರಹ ಸಾಮರ್ಥ್ಯ 49 ಟಿಎಂಸಿಯಷ್ಟು. ಅಂದರೆ, ಮೇಕೆದಾಟು ಕೃಷ್ಣರಾಜ ಸಾಗರಕ್ಕಿಂತಲೂ ದೊಡ್ಡದು.

ಯೋಜನೆಯ ಪರ ಇರುವ ವಾದ

ಮೊದಲಿಗೆ ಯೋಜನೆಯನ್ನು ಬೆಂಬಲಿಸುವವರ ಮಾತಿಗೆ ನ್ಯಾಯ ಸಲ್ಲಿಸೋಣ. ಕಾವೇರಿ ಜಲವಿವಾದ ನ್ಯಾಯಮಂಡಳಿಯು 2007ರ ಅಂತಿಮ ತೀರ್ಪಿನಲ್ಲಿ ಬೆಂಗಳೂರಿಗೆ ಕಡಿಮೆ ನೀರನ್ನು ನಿಗದಿಪಡಿಸಿತ್ತು. ನಗರದ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ, ಅರ್ಧದಷ್ಟು ಅಗತ್ಯವನ್ನು ಅಂತರ್ಜಲದಿಂದ ಪೂರೈಸಬಹುದು ಎಂಬುದು ಅದರ ತರ್ಕವಾಗಿತ್ತು. 2018ರ ಫೆಬ್ರವರಿ 16ರಂದು ಸುಪ್ರೀಮ್ ಕೋರ್ಟ್ ಈ ತರ್ಕವನ್ನು ತಳ್ಳಿಹಾಕಿತು. ಕರ್ನಾಟಕದ ಪಾಲನ್ನು 14.75 ಟಿಎಂಸಿಯಷ್ಟು ಹೆಚ್ಚಿಸಿ 284.75 ಟಿಎಂಸಿಗೆ ಏರಿಸಿತು. ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆಂದೇ ಮೀಸಲು. ಇದು ನ್ಯಾಯೋಚಿತ ತೀರ್ಪು. ಕುಡಿಯುವ ನೀರಿಗೆ ಇತರೆಲ್ಲ ಬಳಕೆಗಳಿಗಿಂತ ಆದ್ಯತೆ ಇದೆ ಎಂಬ ತತ್ವವನ್ನು ಅದು ಎತ್ತಿಹಿಡಿಯಿತು.

ಬೆಂಬಲಿಗರ ಇನ್ನೊಂದು ವಾದವೂ ಹಗುರವಾದುದಲ್ಲ. ಸಾಮಾನ್ಯ ವರ್ಷದಲ್ಲಿ ಬಿಳಿಗುಂಡ್ಲುವಿನ ಮೂಲಕ ತಮಿಳುನಾಡಿಗೆ ಹರಿಯಬೇಕಾದ ನೀರು 177.25 ಟಿಎಂಸಿ. ಆದರೆ ಭಾರೀ ಮಳೆಯಾದ 2022-23ರ ಜಲವರ್ಷದಲ್ಲಿ 600 ಟಿಎಂಸಿಗೂ ಅಧಿಕ ನೀರು ಹರಿಯಿತು. ಮರುವರ್ಷವೇ ಬರ ಬಂತು. ನಿಗದಿತ ನೀರು ಬಿಡುವುದೂ ಸಾಧ್ಯವಾಗಲಿಲ್ಲ. ಕೃಷ್ಣರಾಜ ಸಾಗರ ಮತ್ತು ಕಬಿನಿಗಳಿಂದ ಕೆಳಗೆ ಸುರಿಯುವ ಮಳೆನೀರನ್ನು ಹಿಡಿದಿಡಲು ಕರ್ನಾಟಕದ ಬಳಿ ಜಲಾಶಯವಿಲ್ಲ. ಹೆಚ್ಚಿದ ವರ್ಷದ ನೀರನ್ನು ಸಂಗ್ರಹಿಸಿದರೆ ಕೊರತೆಯ ವರ್ಷದಲ್ಲಿ ಎರಡೂ ರಾಜ್ಯಗಳಿಗೆ ಉಪಯೋಗವಾಗುತ್ತದೆ ಎಂಬ ಮಾತಿನಲ್ಲಿ ಹುರುಳಿದೆ. ತಮಿಳುನಾಡು ಇದನ್ನು ಮುಕ್ತ ಮನಸ್ಸಿನಿಂದ ಚರ್ಚಿಸದೆ ಆರಂಭದಿಂದಲೂ ನಿರಾಕರಿಸುತ್ತ ಬಂದಿರುವುದು ಸರಿಯಲ್ಲ.

ಹಾಗಿದ್ದೂ, ನಮ್ಮ ಮುಂದಿರುವ ಪ್ರಶ್ನೆ ಬೇರೆ. ಬೆಂಗಳೂರಿನ ಜನರಿಗೆ ನೀರು ಕೊಡಲು ಈ ಅಣೆಕಟ್ಟು ಅನಿವಾರ್ಯವೇ?

ಲೆಕ್ಕ ಏನು ಹೇಳುತ್ತದೆ?

ನ್ಯಾಯಾಲಯ ನೀಡಿದ 4.75 ಟಿಎಂಸಿ ಎಂಬುದು ಬಳಕೆಯಾಗಿ ಮುಗಿದುಹೋಗುವ ನೀರಿನ ಲೆಕ್ಕ. ಗೃಹಬಳಕೆಗೆ ಎತ್ತಿದ ನೀರಿನಲ್ಲಿ ಶೇ. 20ರಷ್ಟು ಮಾತ್ರ ನಿಜವಾಗಿ ಖರ್ಚಾಗುತ್ತದೆ, ಉಳಿದ ಶೇ. 80 ಕೊಳಚೆಯಾಗಿ ಮರಳಿ ಹರಿಯುತ್ತದೆ ಎಂಬ ಆಧಾರದಲ್ಲಿ ಈ ಲೆಕ್ಕ ಹಾಕಲಾಗಿದೆ. ಹಾಗಾಗಿ 4.75 ಟಿಎಂಸಿಯೆಂದರೆ ಸುಮಾರು 24 ಟಿಎಂಸಿ ನೀರನ್ನು ನದಿಯಿಂದ ಎತ್ತುವ ಅವಕಾಶ. ಇಷ್ಟು ನೀರನ್ನು ವರ್ಷವಿಡೀ ಸ್ವಲ್ಪ ಸ್ವಲ್ಪವಾಗಿ ಎತ್ತಲು 67 ಟಿಎಂಸಿಯ ಜಲಾಶಯ ಬೇಕೇ ಎಂಬ ಪ್ರಶ್ನೆಗೆ ಸರಕಾರವು ಈ ವರೆಗೆ ಜನರಿಗೆ ಅರ್ಥವಾಗುವಂತೆ ಉತ್ತರಿಸಿಲ್ಲ. ಕುಡಿಯುವ ನೀರಿನ ಹೆಸರಿನಲ್ಲಿ ಆರಂಭವಾದ ಯೋಜನೆಗೆ ವಿದ್ಯುತ್ ಘಟಕ ಸೇರಿದ್ದೇಕೆ, ಯೋಜನೆಯ ಗಾತ್ರವನ್ನು ನಿರ್ಧರಿಸಿದ್ದು ನೀರಿನ ಅಗತ್ಯವೋ ವಿದ್ಯುತ್ತಿನ ಲಾಭವೋ ಎಂಬುದೂ ಸ್ಪಷ್ಟವಾಗಬೇಕಾಗಿದೆ.

ಇನ್ನೊಂದು ವಾಸ್ತವವನ್ನು ಗಮನಿಸಿ. 2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್ ನೀರು ಒದಗಿಸುವ ಯೋಜನೆ ಇದು. ವರ್ಷದ ಲೆಕ್ಕದಲ್ಲಿ ಇದು ಸುಮಾರು 10 ಟಿಎಂಸಿ. ಅದಕ್ಕೂ ಮೊದಲು ನಗರಕ್ಕೆ ದಿನಕ್ಕೆ 145 ಕೋಟಿ ಲೀಟರ್ ಕಾವೇರಿ ನೀರು ಬರುತ್ತಿತ್ತು. ಈ ಹೆಚ್ಚುವರಿ 10 ಟಿಎಂಸಿ ನೀರನ್ನು ತರಲು ಮೇಕೆದಾಟಿನಲ್ಲಿ ಒಂದು ಕಲ್ಲನ್ನೂ ಇಡಬೇಕಾಗಲಿಲ್ಲ. ಮಳವಳ್ಳಿ ತಾಲೂಕಿನ ಶಿವ ಅಣೆಕಟ್ಟಿನ ಬಳಿಯಿಂದ ಬರುವ ನೀರನ್ನು ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ ನಗರಕ್ಕೆ ಏರಿಸಲಾಗುತ್ತಿದೆ. 1974ರಲ್ಲಿ ಕಾವೇರಿ ಮೊದಲ ಹಂತ ಆರಂಭವಾದಾಗಿನಿಂದ ನಡೆದುಬಂದ ದಾರಿ ಇದೇ. ಹೀಗಿರುವಾಗ, ಮೇಕೆದಾಟು ಇಲ್ಲದಿದ್ದರೆ ಬೆಂಗಳೂರಿಗೆ ಹನಿ ನೀರೂ ಇಲ್ಲ ಎಂಬ ಪ್ರಚಾರವನ್ನು ನಂಬುವುದು ಹೇಗೆ? ಬರಗಾಲದ ವರ್ಷಕ್ಕೆ ವಿಮೆಯಂತೆ ಜಲಾಶಯ ಬೇಕೆಂಬ ವಾದವನ್ನು ಒಪ್ಪಬಹುದು. ಆದರೆ ವಿಮೆಗೆ ಎಷ್ಟು ಗಾತ್ರ ಬೇಕು, ಅದಕ್ಕೆ ತೆರಬೇಕಾದ ಬೆಲೆ ಎಷ್ಟು ಎಂಬುದನ್ನು ಪ್ರತ್ಯೇಕವಾಗಿ ಚರ್ಚಿಸಬೇಕು.

ಸೋರಿಕೆಯ ಲೆಕ್ಕ ಇನ್ನೂ ಆಘಾತಕಾರಿ. ನಗರಕ್ಕೆ ಬರುವ ನೀರಿನ ಕಾಲುಭಾಗಕ್ಕಿಂತ ಹೆಚ್ಚು ಲೆಕ್ಕಕ್ಕೆ ಸಿಗುವುದಿಲ್ಲ ಎಂಬುದನ್ನು ಜಲಮಂಡಳಿಯ ಅಂಕಿಅಂಶಗಳೇ ವರ್ಷಗಳಿಂದ ಹೇಳುತ್ತ ಬಂದಿವೆ. ಇದರಲ್ಲಿ ಒಡೆದ ಕೊಳವೆಗಳ ಪಾಲೂ ಇದೆ, ಕಳ್ಳ ಸಂಪರ್ಕಗಳ ಪಾಲೂ ಇದೆ, ಕೆಟ್ಟ ಮೀಟರುಗಳ ಪಾಲೂ ಇದೆ. ಐದನೇ ಹಂತಕ್ಕೆ ಮೊದಲಿನ 145 ಕೋಟಿ ಲೀಟರಿನಲ್ಲಿ ಕಾಲುಭಾಗವೆಂದರೆ ದಿನಕ್ಕೆ 36 ಕೋಟಿ ಲೀಟರ್, ವರ್ಷಕ್ಕೆ ನಾಲ್ಕೂವರೆ ಟಿಎಂಸಿಗಿಂತ ಹೆಚ್ಚು. ಸುಮಾರು 100 ಕಿಲೋಮೀಟರ್ ದೂರದಿಂದ, 500 ಮೀಟರಿನಷ್ಟು ಎತ್ತರಕ್ಕೆ, ಮೂರು ಕಡೆ ಪಂಪು ಮಾಡಿ, ಅಪಾರ ವಿದ್ಯುತ್ ವ್ಯಯಿಸಿ ತಂದ ನೀರು ಹೀಗೆ ಮಾಯವಾಗುತ್ತಿದೆ. ತೂತು ಬಿದ್ದ ಕೊಡಕ್ಕೆ ಇನ್ನೊಂದು ಬಾವಿಯಿಂದ ನೀರು ಸುರಿಯುವುದು ಪರಿಹಾರವೇ?

ಮರೆತ ಪಾಠಗಳು

ಬೆಂಗಳೂರು ಜಲಾಶಯಗಳನ್ನು ಕಟ್ಟಿದ್ದು ಇದೇ ಮೊದಲಲ್ಲ. 19ನೇ ಶತಮಾನದ ಕೊನೆಯಲ್ಲಿ ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ನಗರಕ್ಕೆ ಕೊಳವೆ ನೀರು ಬಂತು. 1933ರಲ್ಲಿ ಅರ್ಕಾವತಿ ಮತ್ತು ಕುಮುದ್ವತಿ ಸೇರುವಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ನಿರ್ಮಾಣವಾಯಿತು. ದಶಕಗಳ ಕಾಲ ನಗರದ ದಾಹ ತಣಿಸಿದ ಈ ಜಲಾಶಯದಿಂದ 2012ರ ವೇಳೆಗೆ ನೀರು ಪೂರೈಕೆಯೇ ನಿಂತುಹೋಯಿತು. ಅಣೆಕಟ್ಟು ಒಡೆದಿರಲಿಲ್ಲ. ಜಲಾನಯನ ಪ್ರದೇಶದಲ್ಲಿ ಬಡಾವಣೆಗಳೂ ಕಾರ್ಖಾನೆಗಳೂ ತಲೆಯೆತ್ತಿದವು, ಹಳ್ಳಗಳು ಮುಚ್ಚಿಹೋದವು, ಕೊಳವೆಬಾವಿಗಳು ಅಂತರ್ಜಲವನ್ನು ಹೀರಿದವು, ಬಂದ ಅಲ್ಪ ನೀರೂ ಕಲುಷಿತವಾಯಿತು. ಈ ಪ್ರದೇಶವನ್ನು ರಕ್ಷಿಸಲು 2003ರಲ್ಲಿ ಸರಕಾರ ಅಧಿಸೂಚನೆ ಹೊರಡಿಸಿತ್ತು. ಅದು ಕಾಗದದಲ್ಲೇ ಉಳಿಯಿತು. ತನ್ನ ಅಂಗಳದ ನದಿಯನ್ನು ಕಾಪಾಡಿಕೊಳ್ಳಲಾಗದ ನಗರವು ದೂರದ ನದಿಯನ್ನು ಕಾಪಾಡೀತೆಂದು ಭರವಸೆ ಇಡುವುದು ಹೇಗೆ?

ಕೆರೆಗಳ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಉಳಿದವುಗಳಲ್ಲಿ ಬೆಳ್ಳಂದೂರು ಕೆರೆಯು ನೊರೆ ಮತ್ತು ಬೆಂಕಿಯಿಂದಾಗಿ ಜಗತ್ತಿನ ಗಮನ ಸೆಳೆಯಿತು. ಅದೇ ನಗರದಲ್ಲಿ ವರ್ಷಕ್ಕೆ 900 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುತ್ತದೆ. 740 ಚದರ ಕಿಲೋಮೀಟರ್ ವಿಸ್ತೀರ್ಣಕ್ಕೆ ಇದನ್ನು ಲೆಕ್ಕ ಹಾಕಿದರೆ 23 ಟಿಎಂಸಿಗೂ ಅಧಿಕವಾಗುತ್ತದೆ. ಎಲ್ಲವನ್ನೂ ಹಿಡಿದಿಡಲು ಸಾಧ್ಯವಿಲ್ಲ ನಿಜ. ಆದರೆ ಒಂದು ಪಾಲನ್ನಾದರೂ ಭೂಮಿಗೆ ಇಂಗಿಸಬಹುದು, ಕೆರೆಯಲ್ಲಿ ನಿಲ್ಲಿಸಬಹುದು, ತೊಟ್ಟಿಯಲ್ಲಿ ಶೇಖರಿಸಬಹುದು. 2009ರಲ್ಲೇ ಕಾನೂನಿಗೆ ತಿದ್ದುಪಡಿ ತಂದು ಮಳೆನೀರು ಕೊಯ್ಲನ್ನು ಕಡ್ಡಾಯಗೊಳಿಸಲಾಗಿದೆ. ಜಾರಿಯಾದದ್ದು ಎಷ್ಟು ಮನೆಗಳಲ್ಲಿ ಎಂದು ಮಳೆ ಬಂದಾಗ ತುಂಬಿ ಹರಿಯುವ ರಸ್ತೆಗಳೇ ಹೇಳುತ್ತವೆ.

ಇದು ಬೆಂಗಳೂರಿನ ರೋಗ ಮಾತ್ರವಲ್ಲ. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಬೀಳುವ ಮಂಗಳೂರು ತುಂಬೆ ಅಣೆಕಟ್ಟಿನ ನೀರೊಂದನ್ನೇ ನಂಬಿದ್ದರಿಂದ 2019ರ ಬೇಸಗೆಯಲ್ಲಿ ಪಡಿತರದಂತೆ ಸರದಿಯಲ್ಲಿ ನೀರು ಹಂಚಬೇಕಾಯಿತು. ಇಂದು ಬೆಂಗಳೂರು ತುಳಿಯುವ ದಾರಿಯನ್ನೇ ನಾಳೆ ನಮ್ಮ ಪಟ್ಟಣಗಳೂ ತುಳಿಯುತ್ತವೆ.

ತೆರಬೇಕಾದ ಬೆಲೆ

ಸರಕಾರದ ವರದಿಯ ಪ್ರಕಾರವೇ ಯೋಜನೆಗೆ 5,252 ಹೆಕ್ಟೇರ್ ಭೂಮಿ ಬೇಕು. ಅದರಲ್ಲಿ 3,181 ಹೆಕ್ಟೇರ್ ಕಾವೇರಿ ವನ್ಯಜೀವಿಧಾಮಕ್ಕೂ 1,869 ಹೆಕ್ಟೇರ್ ಮೀಸಲು ಅರಣ್ಯಕ್ಕೂ ಸೇರಿದ್ದು. ಕಂದಾಯ ಭೂಮಿ ಕೇವಲ 201 ಹೆಕ್ಟೇರ್. ಅಂದರೆ ಮುಳುಗುವುದರಲ್ಲಿ ಬಹುತೇಕ ಎಲ್ಲವೂ ಕಾಡು. ಆನೆಗಳ ಸಂಚಾರದ ದಾರಿ, ನದಿದಂಡೆಯ ಮರಗಳಲ್ಲಿ ಬದುಕುವ ಅಪರೂಪದ ಬೂದು ದೊಡ್ಡ ಅಳಿಲು, ಮಹಶೀರ್ ಮೀನು, ನೀರುನಾಯಿ ಇವೆಲ್ಲದರ ನೆಲೆ ಅದು. ಸಂಗಮ, ಮುತ್ತತ್ತಿಯಂತಹ ಊರುಗಳ ಜನರೂ ನೆಲೆ ಕಳೆದುಕೊಳ್ಳುವವರ ಪಟ್ಟಿಯಲ್ಲಿದ್ದಾರೆ. ಕಾಡು ಮುಳುಗಿದರೆ ಆನೆಗಳು ಸುಮ್ಮನಿರುವುದಿಲ್ಲ. ಕನಕಪುರ, ಮಳವಳ್ಳಿ, ಹನೂರು ಭಾಗದ ರೈತರ ಹೊಲಗಳಿಗೆ ಬರುತ್ತವೆ. ಈ ಭಾಗದಲ್ಲಿ ಆನೆ-ಮಾನವ ಸಂಘರ್ಷ ಈಗಾಗಲೇ ಜೀವಗಳನ್ನು ಬಲಿ ಪಡೆಯುತ್ತಿದೆ. ಬೆಂಗಳೂರಿನ ನಲ್ಲಿಯ ನೀರಿನ ಬೆಲೆಯನ್ನು ಆ ಬಡ ರೈತ ತೆರಬೇಕೇ?

ಹೆಚ್ಚು ಚರ್ಚೆಯಾಗದ ಮತ್ತೊಂದು ಸಂಗತಿಯಿದೆ. ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆಯನ್ನು ಹೊತ್ತ ವೃಷಭಾವತಿ ನದಿಯು ಬೈರಮಂಗಲ ಕೆರೆಯ ಮೂಲಕ ಹರಿದು ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಪ್ರಸ್ತಾವಿತ ಜಲಾಶಯವು ಈ ಸಂಗಮದ ಕೆಳಗಿದೆ. ನಗರದ ಮಲಿನ ನೀರನ್ನು ಸಂಪೂರ್ಣ ಶುದ್ಧೀಕರಿಸದೆ ಇಲ್ಲಿ ಅಣೆಕಟ್ಟು ಕಟ್ಟಿದರೆ ಅದರಲ್ಲಿ ಸಂಗ್ರಹವಾಗುವುದು ಕಾವೇರಿಯ ಪ್ರವಾಹದೊಂದಿಗೆ ನಾವೇ ಹೊರಚೆಲ್ಲಿದ ಕೊಳಚೆ. ಹರಿಯುವ ನದಿ ತನ್ನನ್ನು ತಾನು ಅಷ್ಟಿಷ್ಟು ಶುದ್ಧಗೊಳಿಸಿಕೊಳ್ಳುತ್ತದೆ. ನಿಂತ ನೀರು ಕೊಳೆಯುತ್ತದೆ. ಆದ್ದರಿಂದ ಮೇಕೆದಾಟು ಬೇಕೆನ್ನುವವರೂ ಮೊದಲು ಕೇಳಬೇಕಾದುದು ವೃಷಭಾವತಿಯ ಶುದ್ಧೀಕರಣವನ್ನು.

ನೀರು ಸಿಗುವುದು ಯಾರಿಗೆ?

2024ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಿ. ನಗರದಲ್ಲಿ ಸುಮಾರು 13,900 ಸರಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿಹೋಗಿವೆ ಎಂದು ಆಗಿನ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ಹೇಳಿದರು. ವಾಹನ ತೊಳೆಯಲು, ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತು. ಟ್ಯಾಂಕರ್ ಮಾಲಕರ ಸುಲಿಗೆಯನ್ನು ತಡೆಯಲು ಜಿಲ್ಲಾಡಳಿತ ದರ ನಿಗದಿಪಡಿಸಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ. ಅಂದರೆ ಸಾವಿರ ಲೀಟರಿಗೆ 100 ರೂಪಾಯಿ. ಅದೇ ಸಮಯದಲ್ಲಿ ಜಲಮಂಡಳಿಯ ನಲ್ಲಿಯಿದ್ದ ಮನೆಗೆ ಕನಿಷ್ಠ ಹಂತದ ದರ ಸಾವಿರ ಲೀಟರಿಗೆ ಏಳು ರೂಪಾಯಿ. ನಲ್ಲಿ ಇಲ್ಲದವನು ನಲ್ಲಿ ಇರುವವನಿಗಿಂತ ಹದಿನಾಲ್ಕು ಪಟ್ಟು ಹೆಚ್ಚು ಕೊಟ್ಟ. ಅದೂ ಸರಕಾರವೇ ನ್ಯಾಯಸಮ್ಮತವೆಂದು ನಿಗದಿಪಡಿಸಿದ ದರ.

ಈ ಅನ್ಯಾಯದ ಮೂಲ ನದಿಯಲ್ಲಿ ನೀರು ಕಡಿಮೆಯಾದುದರಲ್ಲಿ ಮಾತ್ರ ಇಲ್ಲ. 2007ರಲ್ಲಿ 110 ಹಳ್ಳಿಗಳನ್ನು ನಗರಕ್ಕೆ ಸೇರಿಸಲಾಯಿತು. ಅವುಗಳಿಗೆ ಕಾವೇರಿ ನೀರು ಕೊಡುವ ಯೋಜನೆ ಉದ್ಘಾಟನೆಯಾದದ್ದು 2024ರಲ್ಲಿ. ಹದಿನೇಳು ವರ್ಷ ಆ ಜನರು ತೆರಿಗೆಯನ್ನು ನಗರಕ್ಕೆ ಕಟ್ಟಿ, ನೀರನ್ನು ಟ್ಯಾಂಕರಿನಿಂದ ಕೊಂಡರು. 2012ರಲ್ಲಿ ನಾಲ್ಕನೇ ಹಂತದ ಎರಡನೇ ಘಟ್ಟದಲ್ಲಿ ದಿನಕ್ಕೆ 50 ಕೋಟಿ ಲೀಟರ್ ಹೆಚ್ಚುವರಿ ನೀರು ಬಂದಾಗಲೂ ಸಮಸ್ಯೆ ಮುಗಿಯಿತೆಂದೇ ಹೇಳಲಾಗಿತ್ತು. ಹನ್ನೆರಡು ವರ್ಷಗಳಲ್ಲಿ ಮತ್ತೆ ಕೊಡಗಳ ಸಾಲು ಬೀದಿಗೆ ಬಂತು. ಹೊಸ ನೀರು ಬರುವ ಸುದ್ದಿ ಹರಡಿದೊಡನೆ ಹೊಸ ಬಡಾವಣೆಗಳು ಏಳುತ್ತವೆ, ನಿವೇಶನಗಳ ಬೆಲೆ ಏರುತ್ತದೆ, ನೀರು ಪ್ರಭಾವಿಗಳ ಕಡೆಗೆ ಹರಿಯುತ್ತದೆ. ಕೊಳೆಗೇರಿಯ ತಾಯಿ ಮುಂಜಾನೆ ನಾಲ್ಕಕ್ಕೆ ಎದ್ದು ಸಾಲಿನಲ್ಲಿ ನಿಲ್ಲುವುದು ತಪ್ಪುವುದಿಲ್ಲ. ಶಾಲೆ ಬಿಟ್ಟು ಕೊಡ ಹೊರುವ ಹೆಣ್ಣುಮಗುವಿನ ಪಾಲಿಗೆ ಟಿಎಂಸಿಯ ಲೆಕ್ಕ ಅರ್ಥಹೀನ. ಹಂಚಿಕೆಯಲ್ಲಿ ನ್ಯಾಯವಿಲ್ಲದಿದ್ದರೆ ಎಷ್ಟು ದೊಡ್ಡ ಜಲಾಶಯವೂ ಆಕೆಯ ಮನೆಯ ಮಡಕೆಯನ್ನು ತುಂಬಿಸುವುದಿಲ್ಲ.

ರಾಜಕೀಯದ ಬೆಂಕಿ

ಈ ಯೋಜನೆ ಇಷ್ಟು ಭಾವನಾತ್ಮಕವಾಗಲು ರಾಜಕೀಯ ಪಕ್ಷಗಳೇ ಕಾರಣ. 2022ರ ಜನವರಿಯಲ್ಲಿ, ಕೋವಿಡ್ ನಿರ್ಬಂಧಗಳ ನಡುವೆಯೇ, ಆಗ ವಿರೋಧ ಪಕ್ಷದಲ್ಲಿದ್ದ ಕಾಂಗ್ರೆಸ್ ಸಂಗಮದಿಂದ ಪಾದಯಾತ್ರೆ ಹೊರಟಿತು. ಆಗ ಆಳುತ್ತಿದ್ದ ಬಿಜೆಪಿ ಅದೇ ವರ್ಷದ ಬಜೆಟಿನಲ್ಲಿ ಯೋಜನೆಗೆ 1,000 ಕೋಟಿ ರೂಪಾಯಿ ಘೋಷಿಸಿತು. ಕೇಂದ್ರದಲ್ಲೂ ರಾಜ್ಯದಲ್ಲೂ ತನ್ನದೇ ಸರಕಾರವಿದ್ದಾಗ ಅದು ಒಂದು ಅನುಮತಿಯನ್ನೂ ತರಲಿಲ್ಲ. ಅತ್ತ ತಮಿಳುನಾಡು ವಿಧಾನಸಭೆ 2022ರ ಮಾರ್ಚಿನಲ್ಲಿ ಯೋಜನೆಯ ವಿರುದ್ಧ ನಿರ್ಣಯ ಅಂಗೀಕರಿಸಿತು. ಇತ್ತ ಕರ್ನಾಟಕ ವಿಧಾನಮಂಡಲ ಪ್ರತಿನಿರ್ಣಯ ಮಾಡಿತು. ಎರಡೂ ಕಡೆ ಪಕ್ಷಭೇದ ಮರೆತ ಒಮ್ಮತ! ಜನರ ಮುಂದೆ ಲೆಕ್ಕ ಇಡುವ ವಿಷಯದಲ್ಲಿ ಮಾತ್ರ ಯಾರಲ್ಲೂ ಇಂತಹ ಉತ್ಸಾಹ ಕಾಣಲಿಲ್ಲ. ಉಭಯ ರಾಜ್ಯಗಳು ಸೌಹಾರ್ದಯುತ ಪರಿಹಾರ ಕಂಡುಕೊಳ್ಳಲಿ ಎಂದು ಕೇಂದ್ರ ಪರಿಸರ ಸಚಿವಾಲಯದ ತಜ್ಞರ ಸಮಿತಿ 2019ರಲ್ಲೇ ಹೇಳಿತ್ತು. ಆ ಮಾತನ್ನು ಎರಡೂ ಕಡೆಯವರು ಮರೆತರು.

ಕಾವೇರಿಯ ಹೆಸರಿನಲ್ಲಿ ಬೀದಿಗಿಳಿದ ಭಾವೋದ್ರೇಕದ ಫಲವನ್ನು ಈ ನಾಡು ಕಂಡಿದೆ. 1991ರ ಡಿಸೆಂಬರಿನಲ್ಲಿ ಬೆಂಗಳೂರಿನ ತಮಿಳು ಭಾಷಿಕ ಬಡವರ ಗುಡಿಸಲುಗಳು ಉರಿದವು, ಜೀವಗಳು ಹೋದವು. 2016ರ ಸೆಪ್ಟೆಂಬರಿನಲ್ಲಿ ಬಸ್ಸುಗಳು ಸುಟ್ಟು ಕರಕಲಾದವು. ಸುಟ್ಟುಕೊಂಡವರಲ್ಲಿ ಯಾರೂ ನೀರು ಹಂಚುವ ಅಧಿಕಾರದಲ್ಲಿ ಇರಲಿಲ್ಲ. ಗಲಭೆಯ ಸಂದರ್ಭದಲ್ಲಿ ಯಾವುದೋ ಒಂದು ಸಮುದಾಯವನ್ನು ಶತ್ರುವಾಗಿ ಬಿಂಬಿಸುವುದು ಎಷ್ಟು ಸುಲಭ, ಅದರ ಗಾಯ ಮಾಯಲು ಎಷ್ಟು ಕಾಲ ಬೇಕು ಎಂಬುದನ್ನು ನಾವು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ನೀರಿನ ಪ್ರಶ್ನೆಯನ್ನು ಭಾಷೆಯ ಕದನವಾಗಿಸುವವರ ಬಗ್ಗೆ ಎಚ್ಚರದಿಂದಿರುವುದು ನಮ್ಮೆಲ್ಲರ ಕರ್ತವ್ಯ.

ಆಗಬೇಕಾದುದೇನು?

ಕರ್ನಾಟಕವು ತನ್ನ ಪಾಲಿನ ನೀರನ್ನು ಬಿಟ್ಟುಕೊಡಬೇಕೆಂದು ನಾವು ಹೇಳುತ್ತಿಲ್ಲ. ನ್ಯಾಯಾಲಯ ನೀಡಿದ ನೀರು ಬೆಂಗಳೂರಿನ ಜನರ ಹಕ್ಕು, ಅದು ಅವರಿಗೆ ತಲುಪಲೇಬೇಕು. ಆದರೆ ಅದಕ್ಕೆ ಸರಿಯಾದ ಕ್ರಮವಿದೆ. ಮೊದಲನೆಯದಾಗಿ, ಯೋಜನಾ ವರದಿಯನ್ನು ಸರಳ ಕನ್ನಡದಲ್ಲಿ ಜನರ ಮುಂದಿಡಬೇಕು. ಕುಡಿಯುವ ನೀರಿಗೆ ಎಷ್ಟು ಸಂಗ್ರಹ ಬೇಕು, ವಿದ್ಯುತ್ತಿಗೆ ಎಷ್ಟು, ಚಿಕ್ಕ ಜಲಾಶಯ ಸಾಕೇ ಎಂಬುದನ್ನು ಬೇರೆ ಬೇರೆಯಾಗಿ ತಿಳಿಸಬೇಕು. ಎರಡನೆಯದಾಗಿ, ಸೋರಿಕೆಯನ್ನು ತಡೆಯಲು ಕಾಲಮಿತಿ ನಿಗದಿಪಡಿಸಿ, ಪ್ರತಿ ವರ್ಷ ಅದರ ಲೆಕ್ಕವನ್ನು ವಿಧಾನಮಂಡಲದಲ್ಲಿ ಮಂಡಿಸಬೇಕು. ಮೂರನೆಯದಾಗಿ, ಸಂಸ್ಕರಿಸಿದ ನೀರಿನ ಬಳಕೆ ವಿಸ್ತರಿಸಬೇಕು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಿಂದ ಕೋಲಾರದ ಬತ್ತಿದ ಕೆರೆಗಳಿಗೆ ಹರಿಯುತ್ತಿದೆ. ಅದರ ಗುಣಮಟ್ಟದ ಬಗ್ಗೆ ಎದ್ದ ಆಕ್ಷೇಪಗಳನ್ನು ಪರಿಹರಿಸಿ, ಕಟ್ಟಡ ನಿರ್ಮಾಣ, ಕೈಗಾರಿಕೆ, ಉದ್ಯಾನಗಳಿಗೆ ಕಾವೇರಿ ನೀರಿನ ಬದಲು ಇಂತಹ ನೀರನ್ನೇ ಕಡ್ಡಾಯಗೊಳಿಸಬಹುದು. ನಾಲ್ಕನೆಯದಾಗಿ, ಪ್ರತಿ ಬಡ ಮನೆಗೂ ನಲ್ಲಿ ತಲುಪುವ ಮೊದಲು ಹೊಸ ಐಷಾರಾಮಿ ಬಡಾವಣೆಗಳಿಗೆ ಸಂಪರ್ಕ ನೀಡಬಾರದು. ಐದನೆಯದಾಗಿ, ಎರಡೂ ರಾಜ್ಯಗಳ ರೈತರು ಮತ್ತು ತಜ್ಞರು ಒಂದೇ ಮೇಜಿನ ಸುತ್ತ ಕುಳಿತು ಮಾತಾಡುವ ವೇದಿಕೆಯನ್ನು ಮರಳಿ ಕಟ್ಟಬೇಕು. ಪ್ರವಾಹದ ನೀರನ್ನು ಸಂಗ್ರಹಿಸುವ ಜಲಾಶಯದ ಕೀಲಿ ಯಾರ ಕೈಯಲ್ಲಿರಬೇಕೆಂಬ ಅಪನಂಬಿಕೆಯೇ ವಿವಾದದ ತಿರುಳು. ನಿಯಂತ್ರಣದಲ್ಲಿ ಪಾರದರ್ಶಕತೆ ಇದ್ದರೆ ಆ ಅಪನಂಬಿಕೆ ಕರಗಬಹುದು.

ಇಷ್ಟನ್ನು ಮಾಡಿದ ಬಳಿಕವೂ ಕೊರತೆ ಉಳಿದರೆ, ಆಗ ಅಣೆಕಟ್ಟಿನ ಬೇಡಿಕೆಗೆ ನೈತಿಕ ಬಲ ಬರುತ್ತದೆ. ಕಾಡು ಕಳೆದುಕೊಳ್ಳುವ ನೋವನ್ನು ಸಮರ್ಥಿಸಲು ಕಾರಣ ಸಿಗುತ್ತದೆ. ಇಷ್ಟನ್ನು ಮಾಡದೆ ಕಟ್ಟುವ ಜಲಾಶಯವು ಇನ್ನೊಂದು ತಿಪ್ಪಗೊಂಡನಹಳ್ಳಿಯಾಗುತ್ತದೆ.

ಸರಕಾರವನ್ನು ಪ್ರಶ್ನಿಸುವ ನಮಗೂ ಹೊಣೆಗಾರಿಕೆಯಿದೆ. ನಮ್ಮ ಮನೆಯ ತಾರಸಿ, ನಮ್ಮ ಶಾಲೆ, ಮಸೀದಿ, ಮಂದಿರ, ಇಗರ್ಜಿ, ಮದುವೆ ಮಂಟಪಗಳ ಛಾವಣಿಯ ಮೇಲೆ ಬೀಳುವ ಮಳೆ ಎಲ್ಲಿಗೆ ಹೋಗುತ್ತಿದೆ ಎಂದು ಈ ಮಳೆಗಾಲದಲ್ಲಿ ನೋಡೋಣ. ಸೋರುವ ನಲ್ಲಿಯನ್ನು ಸರಿಪಡಿಸೋಣ. ವಾರ್ಡಿನ ಸಭೆಯಲ್ಲಿ ನೀರಿನ ಹಂಚಿಕೆಯ ವೇಳಾಪಟ್ಟಿ ಕೇಳೋಣ. ಓಟು ಕೇಳಲು ಬರುವವರಿಂದ ಅಣೆಕಟ್ಟಿನ ಭರವಸೆ ಕೇಳುವ ಮೊದಲು ನಮ್ಮ ಬೀದಿಯ ಕೊಳವೆಯ ಲೆಕ್ಕ ಕೇಳೋಣ.